ಗುರುಲಿಂಗಪ್ಪ ಕಾಕಾನ ಡೈನೋಸಾರ್ ಭಾನುವಾರಗಳು

ಏಳು ವರ್ಷದ ಹುಡುಗಿಯಾಗು ಎಂದು ಗುರುಲಿಂಗಪ್ಪ ಕಾಕಾ ನನಗೆ ಅಪ್ಪಣೆ ಕೊಟ್ಟಾಗ ನನಗೆ ಇಪ್ಪತ್ತಾರು ತುಂಬಿತ್ತು. ಐದು ಅಡಿ ಹನ್ನೊಂದು ಅಂಗುಲ ಎತ್ತರ, ಕೆನ್ನೆ ತುಂಬ ಗಡ್ಡ, ಹೆಗಲಿಗೊಂದು ಆಫೀಸಿನ ಬ್ಯಾಗು. ಪುಣೆ ಹತ್ತಿರದ ತಳೇಗಾಂವ ಸ್ಟೇಷನ್ನಿನ ಹೊರಗೆ, ಹತ್ತೂವರೆಯ ಬಿಸಿಲಲ್ಲಿ, ಕಾಕಾ ಗಡಿಯಾರ ನೋಡಿಕೊಂಡು ನಿಂತರು.

"ನಾಕ್ನೂರು ಹೆಜ್ಜಿ ಆತು. ಈಗ ನೀ ದಣಿ."

"ನನಗೇನೂ ದಣಿವಾಗಿಲ್ಲ ಕಾಕಾ."

"ನಿನ್ನ ಯಾರ್ ಕೇಳ್ಯಾರ? ಆಕಿ ಇಲ್ಲಿ ದಣೀತಾಳ. ದಣಿ ಅಂದ್ರ ದಣಿ."

ದಣಿದೆ. ಫುಟ್‌ಪಾತಿನ ಅಂಚಿಗೆ ಕುಕ್ಕರಿಸಿ, ಕಾಲು ಚಾಚಿ, "ಮುತ್ಯಾ, ಎತ್ತಿಕೋ" ಎಂದು ರಾಗ ಎಳೆದೆ. ವಿಜಯಪುರದ ಕಡೆ ಅಜ್ಜನಿಗೆ ಮುತ್ಯಾ ಅನ್ನುತ್ತಾರೆ. ಮುತ್ಯಾ ಎತ್ತಿಕೊಳ್ಳಲಿಲ್ಲ. ಕಿಸೆಯಿಂದ ಸಣ್ಣ ನೋಟ್‌ಬುಕ್ ತೆಗೆದು 'ಇಲ್ಲಿ ನೆರಳಿಲ್ಲ, ಕೂಡಲು ಕಟ್ಟೆ ಇಲ್ಲ' ಎಂದು ಬರೆದುಕೊಂಡರು. ಪಕ್ಕದಲ್ಲಿ ಮೆಂತ್ಯದ ಸೊಪ್ಪು ಮಾರುತ್ತಿದ್ದ ಮುದುಕಿ ನಮ್ಮಿಬ್ಬರನ್ನೂ ಬಹಳ ಹೊತ್ತು ನೋಡಿದಳು. ಕೊನೆಗೆ ಕನಿಕರ ತಡೆಯಲಾರದೆ ಕಾಕಾಗೆ ಮರಾಠಿಯಲ್ಲಿ ಬುದ್ಧಿ ಹೇಳಿದಳು: "ಪೋರಾಚಂ ಲಗ್ನ ಲಾವೂನ್ ದ್ಯಾ, ಬರಾ ಹೋಯೀಲ್." ಮದುವೆ ಮಾಡಿದರೆ ಹುಡುಗ ಸರಿಹೋಗುತ್ತಾನಂತೆ. ಚನ್ನಪಟ್ಟಣದಲ್ಲಿರುವ ನಮ್ಮಮ್ಮನ ಅಭಿಪ್ರಾಯವೂ ಅದೇ. ಇನ್ನೂರು ಹರದಾರಿ ಅಂತರದಲ್ಲಿ, ಒಬ್ಬರಿಗೊಬ್ಬರು ಪರಿಚಯವಿಲ್ಲದ ಇಬ್ಬರು ಹೆಂಗಸರು ನನ್ನ ಬಗ್ಗೆ ಒಂದೇ ತೀರ್ಮಾನಕ್ಕೆ ಬಂದಿದ್ದರು.

ಕಾಕಾನನ್ನು ನಾನು ಮರೆಯದಿರಲು ಇಷ್ಟು ಅವಮಾನವೇ ಸಾಕಿತ್ತು. ಆದರೆ ಅವರು ಇಷ್ಟಕ್ಕೆ ನಿಲ್ಲಿಸುವ ಪೈಕಿಯಲ್ಲ.

ಚಿಂಚವಾಡದ ನಮ್ಮ ಕಟ್ಟಡದಲ್ಲಿ ಅವರದು ಎರಡನೇ ಮಹಡಿ, ನನ್ನದು ಮೂರನೇದು. ಕುಳ್ಳನೆಯ, ಅಗಲ ಭುಜದ ಮನುಷ್ಯ. ತೋಳು ಮಡಿಚಿದ ಅಂಗಿ. ಕಿಸೆಯಲ್ಲಿ ಆರು ಇಂಚಿನ ಸ್ಟೀಲ್ ಪಟ್ಟಿ, ಒಂದು ಕೆಂಪು ಪೆನ್ನು, ಒಂದು ಹಸಿರು ಪೆನ್ನು. ಪಿಂಪ್ರಿಯ ಮೋಟಾರು ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಸುಮಾರು ನಲವತ್ತು ವರ್ಷ ತಪಾಸಣೆಯ ಕೆಲಸ ಮಾಡಿ ನಿವೃತ್ತರಾದವರು. ಯಂತ್ರದಿಂದ ಹೊರಬಂದ ತುಂಡನ್ನು ಎತ್ತಿಕೊಳ್ಳುವುದು, ಅಳೆಯುವುದು, ಮೂರು ಮಾತುಗಳಲ್ಲಿ ಒಂದನ್ನು ಹೇಳುವುದು: ಪಾಸ್, ರೀವರ್ಕ್ (ಎಂದರೆ ಮತ್ತೆ ತಿದ್ದಿ ತಾ), ರಿಜೆಕ್ಟ್. ಕಾರ್ಖಾನೆ ಅವರನ್ನು ಬಿಟ್ಟಿತು, ಆ ಮೂರು ಮಾತು ಬಿಡಲಿಲ್ಲ. ನಮ್ಮ ಕಟ್ಟಡದ ಲಿಫ್ಟು ರೀವರ್ಕ್. ಕೆಳಗಿನ ಮನೆಯವರ ಮಗಳ ಮದುವೆಯ ಶ್ರೀಖಂಡ ಪಾಸ್, ವರ ರೀವರ್ಕ್. ನಾನು ಮಾಡಿದ ಚಹಾವನ್ನು ಬಾಯಿಗೆ ಹಚ್ಚಿದವರೇ ಕಪ್ಪು ಕೆಳಗಿಟ್ಟು, ಯಾವ ಮಾತನ್ನೂ ಹೇಳದೆ, ಕಿಸೆಯ ಕೆಂಪು ಪೆನ್ನನ್ನು ಒಮ್ಮೆ ಮುಟ್ಟಿ ತೋರಿಸಿದ್ದರು.

ಇಂಥವರನ್ನು ನಕಲು ಮಾಡದೆ ಬಿಡಲು ನಾನೇನು ಸನ್ಯಾಸಿಯೇ? ನಕಲು ನನಗೆ ಕಲೆಯಲ್ಲ, ತುರಿಕೆ. ವಿಮಾನ ನಗರದ ಆಫೀಸೊಂದರಲ್ಲಿ, ಮಿಕ್ಸರು ಕೆಟ್ಟವರ, ನೀರಿನ ಫಿಲ್ಟರು ಸೋರುವವರ ದೂರನ್ನು ಫೋನಿನಲ್ಲಿ ಕೇಳುವುದು ನನ್ನ ಉದ್ಯೋಗ. ದಿನವಿಡೀ ನಾಲ್ಕು ಭಾಷೆಗಳಲ್ಲಿ ಕ್ಷಮೆ ಕೇಳುತ್ತೇನೆ. ಒಂದರಲ್ಲೂ ನನಗೆ ಬೇಜಾರಾಗಿರುವುದಿಲ್ಲ. ಒಂದು ಬೆಳಿಗ್ಗೆ ಹಾಲಿನ ಅಂಗಡಿಯ ಮುಂದೆ ಕಟ್ಟಡದವರು ಐದಾರು ಜನ ಸೇರಿದ್ದರು. ನಾನು ಹೊಟ್ಟೆ ಮುಂದೆ ಮಾಡಿ, ಹಾಲಿನ ಪಾಕೀಟನ್ನು ಬೆಳಕಿಗೆ ಹಿಡಿದು, "ಈ ಎಮ್ಮಿ ರೀವರ್ಕ್, ವಾಪಸ್ ಕಳಸ್ರಿ" ಎಂದು ಕೆಮ್ಮಿದೆ. ಎಲ್ಲರೂ ನಕ್ಕರು, ಆಮೇಲೆ ಎಲ್ಲರೂ ಒಟ್ಟಿಗೆ ನಿಲ್ಲಿಸಿದರು. ಹಿಂದೆ ಯಾರು ನಿಂತಿದ್ದಾರೆಂದು ತಿರುಗಿ ನೋಡಬೇಕಾಗಿರಲಿಲ್ಲ.

"ದನಿ ಪಾಸ್," ಎಂದರು ಕಾಕಾ. "ಹೊಟ್ಟಿ ಪಾಸ್. ಕೆಮ್ಮು ರಿಜೆಕ್ಟ್. ನಾ ಮಾತಿನಕಿಂತ ಮೊದಲ ಕೆಮ್ಮತೀನಿ, ಆಮ್ಯಾಲ ಅಲ್ಲ." ಹಾಲು ತೆಗೆದುಕೊಂಡರು. ಎರಡು ಹೆಜ್ಜೆ ಹೋಗಿ ತಿರುಗಿದರು. "ಏ ಮೈಸೂರಾ, ಸಣ್ಣ ಹುಡುಗರ ನಕಲು ಬರತದೇನು ನಿನಗ?"

ನಾನು ಮೈಸೂರಿನವನಲ್ಲ. ಕಾಕಾನ ನಕಾಶೆಯಲ್ಲಿ ಹುಬ್ಬಳ್ಳಿಯಿಂದ ಕೆಳಗಿರುವುದೆಲ್ಲ ಮೈಸೂರು. ಬರುತ್ತದೆ ಎಂದೆ. ಆ ಒಂದು ಮಾತಿಗೆ ನನ್ನ ತಿಂಗಳ ಎರಡು ಭಾನುವಾರ ಹೋದವು.

ಹೋದದ್ದು ಯಾಕೆಂದು ಅವರೇ ಆ ಸಂಜೆ ಕೂರಿಸಿಕೊಂಡು ಹೇಳಿದರು. ಅವರ ಮಗನೂ ಸೊಸೆ ಸುಷ್ಮಾನೂ ಬೇರೆಯಾಗಿ ಮೂರು ವರ್ಷವಾಗಿತ್ತು. ಮಗ ಇನ್ನೊಂದು ಮದುವೆಯಾಗಿ ಸೂರತ್ತಿನಲ್ಲಿದ್ದ, ಹಬ್ಬಕ್ಕೊಂದು ಫೋನು. ಸುಷ್ಮಾ ಸೊಲ್ಲಾಪುರದ ಕನ್ನಡದವಳು, ದೇಹೂ ರೋಡಿನಲ್ಲಿ ಸೈನ್ಯದ ಕಚೇರಿಯೊಂದರಲ್ಲಿ ಗುಮಾಸ್ತೆ, ಮಗಳು ಗೌರಿಯ ಜೊತೆ ಅಲ್ಲೇ ಇದ್ದಳು. ಅಜ್ಜನಿಗೆ ಮೊಮ್ಮಗಳ ಮೇಲೆ ಹಕ್ಕಿದೆ ಎಂದು ಯಾವ ಕಾಗದದಲ್ಲೂ ಬರೆದಿರಲಿಲ್ಲ. ಸುಷ್ಮಾ ತಾನಾಗಿಯೇ ಕೊಟ್ಟಿದ್ದಳು: ತಿಂಗಳ ಎರಡನೆಯ ಮತ್ತು ನಾಲ್ಕನೆಯ ಭಾನುವಾರ, ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದು. ಅವಳ ಷರತ್ತು ಎರಡು. ಐದಕ್ಕೆ ಸರಿಯಾಗಿ ಮಗು ದೇಹೂ ರೋಡ್ ಸ್ಟೇಷನ್ನಿನಲ್ಲಿರಬೇಕು. ಮತ್ತೆ, ಹೋಗುವುದು ಬರುವುದು ರೈಲಿನಲ್ಲಿ ಮಾತ್ರ. ಆಟೋ, ಕಾರು, ಬೈಕು ಯಾವುದೂ ಕೂಡದು. ಕಾಕಾನ ಮಗ ಒಮ್ಮೆ ಹೆದ್ದಾರಿಯಲ್ಲಿ ಗೌರಿಯನ್ನು ಬೈಕಿನ ಮುಂದೆ ಕೂರಿಸಿಕೊಂಡು ಬಿದ್ದಿದ್ದ. ಮಗುವಿನ ಮೊಣಕೈಯಲ್ಲಿ ಹೊಲಿಗೆಯ ಗುರುತು ಇನ್ನೂ ಇತ್ತು.

"ಮೂರನೇ ಕಂಡಿಷನ್ ಒಂದದ, ಅದನ್ನ ಯಾರೂ ಹೇಳಿಲ್ಲ," ಎಂದರು ಕಾಕಾ. "ಗೌರಿಗೆ ಬ್ಯಾಸರ ಬರಬಾರದು. ಒಂದು ದಿನ ಆಕಿ, ಮುತ್ಯಾನ ಕೂಡ ನಾ ಒಲ್ಲೆ ಅಂದ್ಲಂದ್ರ ಮುಗೀತು. ಮ್ಯಾಲ ಅರ್ಜಿ ಹಾಕಾಕ ಆಫೀಸಿಲ್ಲ."

ಹೀಗೆ ಸಿಕ್ಕ ಮೊದಲ ಭಾನುವಾರ ಅವರು ಗೌರಿಯನ್ನು ದೇವಸ್ಥಾನಕ್ಕೆ ಕರೆದೊಯ್ದಿದ್ದರು. ಅವಳು ಮೂರು ಸಲ ಆಕಳಿಸಿದಳು. ಎರಡನೆಯದರಲ್ಲಿ ನೆಂಟರ ಮನೆಗೆ, ಅಲ್ಲಿ ಎಣಿಸಲಾಗಲಿಲ್ಲವಂತೆ. ವಾಪಸು ಬರುವಾಗ ಲೋಕಲ್ ಗಾಡಿಯ ಕಿಟಕಿಯಿಂದ ಯಾವುದೋ ತೋಟದ ಗೋಡೆಯ ಮೇಲೆ ಡೈನೋಸಾರಿನ ಸಿಮೆಂಟು ತಲೆಯೊಂದು ಕಂಡಿತು. ಆಕಳಿಸುತ್ತಿದ್ದ ಹುಡುಗಿ ಎದ್ದು ನಿಂತು ಅದರ ಹೆಸರು, ಅದು ತಿನ್ನುವುದು, ಅದರ ಹಲ್ಲಿನ ಉದ್ದ ಎಲ್ಲವನ್ನೂ ಇಡೀ ಡಬ್ಬಿಗೆ ಕೇಳುವಂತೆ ಹೇಳಿದಳಂತೆ. ಮರುದಿನ ಕಾಕಾ ಪುಸ್ತಕದಂಗಡಿಗೆ ಹೋಗಿ ಮಕ್ಕಳ ಚಿತ್ರದ ಪುಸ್ತಕ ತಂದರು. ಅರವತ್ತೈದರ ವಯಸ್ಸಿನಲ್ಲಿ, ಭೂತಗನ್ನಡಿ ಹಿಡಿದು, ಪ್ರತಿಯೊಂದು ಪ್ರಾಣಿಯ ಅಳತೆಯನ್ನೂ ಗಟ್ಟಿ ಮಾಡಿದರು. "ಇದು ನಾಕ್ ಕಾಲಿನ ಮಾಡೆಲ್, ತೊಪ್ಪಲ ತಿಂತದ. ಇದು ಎರಡು ಕಾಲಿಂದು, ಇದರ ಮುಂದ ನಿಂದ್ರಬಾರದು," ಎಂದು ನನಗೂ ಪಾಠವಾಯಿತು. ಪುಣೆ–ಲೋಣಾವಳಾ ಲೋಕಲ್ ನಿಲ್ಲುವ ಯಾವ ಸ್ಟೇಷನ್ನಿನಿಂದ ನಡೆದು ಹೋಗುವ ದೂರದಲ್ಲಿ ಎಲ್ಲಿ ಡೈನೋಸಾರ್ ಇದೆ ಎಂದು ಪಟ್ಟಿ ಮಾಡಿದರು. ಪಿಕ್ನಿಕ್ ತೋಟಗಳು, ಮಕ್ಕಳ ಉದ್ಯಾನಗಳು, ಬಾಗಿಲಲ್ಲಿ ಗರ್ಜಿಸುವ ಗೊಂಬೆ ನಿಲ್ಲಿಸಿಕೊಂಡ ಒಂದು ಉಪಾಹಾರ ಗೃಹ. ನೀವು ನಂಬುವುದಿಲ್ಲ, ಆ ಒಂದೇ ರೈಲುಮಾರ್ಗದಲ್ಲಿ ಹುಲಿಗಳಿಗಿಂತ ಡೈನೋಸಾರುಗಳೇ ಜಾಸ್ತಿ.

ಇನ್ನು ನನ್ನ ಪಾತ್ರ. ಕಾರ್ಖಾನೆಯಲ್ಲಿ ಸಾವಿರ ತುಂಡು ತಯಾರಿಸುವ ಮೊದಲು ಒಂದು ತುಂಡು ಮಾಡಿ ನೋಡುತ್ತಾರಂತೆ. ಆ ಮೊದಲ ತುಂಡು ಪಾಸಾದರೆ ಮಾತ್ರ ಯಂತ್ರ ಶುರು. ಕಾಕಾನ ಲೆಕ್ಕದಲ್ಲಿ ಗೌರಿಯನ್ನು ನೇರವಾಗಿ ಹೊಸ ಜಾಗಕ್ಕೆ ಕರೆದುಕೊಂಡು ಹೋಗುವುದೆಂದರೆ ಪರೀಕ್ಷೆ ಮಾಡದ ಬ್ರೇಕು ಹಾಕಿದ ಹಾಗೆ. ಆದ್ದರಿಂದ ಒಂದನೆಯ ಮತ್ತು ಮೂರನೆಯ ಭಾನುವಾರ ಟ್ರಯಲ್. ಅದೇ ಗಾಡಿ, ಅದೇ ಡಬ್ಬಿ, ಅದೇ ಹಾದಿ; ಗೌರಿಯ ಬದಲು ನಾನು.

ಅವರು ಯಾವುದನ್ನೂ ಅಂದಾಜಿಗೆ ಬಿಡುತ್ತಿರಲಿಲ್ಲ. ಗಾಡಿಯ ಮೆಟ್ಟಿಲಿಗೂ ಪ್ಲಾಟ್‌ಫಾರ್ಮಿಗೂ ಎಷ್ಟು ಅಂತರ, ಗೌರಿಯ ಕಾಲು ಎಟುಕುತ್ತದೆಯೇ? ನಾನು ಮೊಣಕಾಲು ಮಡಿಚಿ ಇಳಿದು ತೋರಿಸಬೇಕು. ಎಷ್ಟನೇ ನಿಮಿಷಕ್ಕೆ ಉಚ್ಚೆ ಬರುತ್ತದೆ? ನಾನು ಘೋಷಿಸಬೇಕು. ಹತ್ತಿರದ ಶೌಚಾಲಯಕ್ಕೆ ಬೀಗವಿದೆಯೇ, ಒಳಗೆ ನೀರಿದೆಯೇ, ಅವರು ನೋಡಿ ಬರುತ್ತಾರೆ. ಒಂದು ಸಲ ಕುಲ್ಫಿ ಗಾಡಿ ಕಂಡು ನಾನು ಪಾತ್ರದೊಳಗಿನಿಂದಲೇ ಕೈ ಚಾಚಿದೆ. "ಟ್ರಯಲ್‌ನಾಗ ಕುಲ್ಫಿ ಇಲ್ಲ," ಎಂದರು. "ಎಲ್ಲಿ ಸಿಗತದ ಅಂತ ಬರಕೊಂಡ್ರ ಸಾಕು." ಅವರೊಂದು ತಿಂದರು. ರುಚಿ ಪರೀಕ್ಷೆಯಂತೆ.

ನನಗೂ ಹುರುಪು ಏರಿತ್ತು. ಕಾಮಶೇತ್ ಪ್ಲಾಟ್‌ಫಾರ್ಮಿನಲ್ಲಿ ಒಂದು ದಿನ ಅಳುವ ದೃಶ್ಯವನ್ನು ಎಂಥ ರೀತಿಯಲ್ಲಿ ಅಭಿನಯಿಸಿದೆನೆಂದರೆ ಎದುರು ಬೆಂಚಿನ ನಿಜವಾದ ಮಗುವೊಂದು ಹೆದರಿ ಅಳತೊಡಗಿತು. ಚಪ್ಪಾಳೆಗೆ ಕಾದು ನಿಂತೆ.

"ರಿಜೆಕ್ಟ್," ಎಂದರು ಕಾಕಾ. "ಆಕಿ ಹಂಗ ಅಳೂದಿಲ್ಲ. ಅಳೂಕಿಂತ ಮೊದಲ ಆಕಿ ಸುಮ್ಮಗಾಗತಾಳ. ಕೆಳಗಿನ ತುಟಿ ಒಳಗ ಎಳಕೊಂಡು ಚಪ್ಪಲಿ ನೋಡಕೋತ ನಿಂದರತಾಳ. ಆವಾಗ ನಾ ಮಾತಾಡಬಾರದು, ಬಾಜೂಕ ಕೂಡಬೇಕು ಅಷ್ಟ. ಅದನ್ನ ಮಾಡು. ನನಗ ರೂಢಿ ಬೇಕು."

ಅದನ್ನು ಮಾಡಿದೆ. ಅವರು ಬಂದು ಪಕ್ಕದಲ್ಲಿ ಕೂತರು. ಮುಂದಿನ ಗಾಡಿ ಬರುವವರೆಗೂ ನಾವಿಬ್ಬರೂ ಮಾತಾಡಲಿಲ್ಲ. ನನ್ನ ಜೀವನದಲ್ಲಿ ನಾನು ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡದ್ದು ಅದೇ ಮೊದಲು.

ತಳೇಗಾಂವದ ತೋಟದಲ್ಲಿ ಅವರ ವೃತ್ತಿಗೇ ಸವಾಲು ಬಂತು. ಅಲ್ಲಿನ ಮುಖ್ಯ ಆಕರ್ಷಣೆ ಎರಡಾಳೆತ್ತರದ, ತಲೆ ಅಲ್ಲಾಡಿಸುವ, ಫೈಬರಿನ ಟಿ-ರೆಕ್ಸ್. ಕಾಕಾ ಕೆಳಗೆ ನಿಂತು ಅದರ ಪುಟ್ಟ ಕೈಯನ್ನು ದಿಟ್ಟಿಸಿದರು. ಬೆರಳು ಎಣಿಸಿದರು. ಪುಸ್ತಕ ತೆಗೆದು ಮತ್ತೆ ಎಣಿಸಿದರು. ಟಿ-ರೆಕ್ಸ್‌ಗೆ ಎರಡೇ ಬೆರಳು, ಇದಕ್ಕೆ ಮೂರು. ಮ್ಯಾನೇಜರನನ್ನು ಕರೆಸಿದರು. ಬರುವ ಭಾನುವಾರದೊಳಗೆ ಒಂದು ಬೆರಳು ತೆಗೆಯಬೇಕೆಂದು ಮರಾಠಿಯಲ್ಲಿ ತಾಕೀತು ಮಾಡಿದರು.

ಮ್ಯಾನೇಜರನೂ ಸಾಮಾನ್ಯನಲ್ಲ. "ಓ ಕಾಕಾ, ಏಕ್ ಬೋಟ್ ಜಾಸ್ತೀಚ್ ದಿಲಂಯ್ ನಾ, ಕಮೀ ತರ್ ನಾಹೀ!" ಎಂದ. ಒಂದು ಬೆರಳು ಹೆಚ್ಚಿಗೆ ಕೊಟ್ಟಿದ್ದೇವಲ್ಲ, ಕಡಿಮೆಯಂತೂ ಮಾಡಿಲ್ಲವಲ್ಲ!

"ಜಾಸ್ತೀ ಪಣ್ ರಿಜೆಕ್ಟ್!", ಹೆಚ್ಚಾದರೂ ರಿಜೆಕ್ಟೇ, ಎಂದು ಕಾಕಾ ಕೂಗಿದ್ದಕ್ಕೆ ಬಾತುಕೋಳಿಗಳು ಕೊಳಕ್ಕೆ ಹಾರಿದವು.

ಬೆರಳು ಹೋಗಲಿಲ್ಲ. ಬುಧವಾರ ಒಬ್ಬರೇ ಹೋಗಿ ಇನ್ನೊಮ್ಮೆ ಹೇಳಿ ಬಂದರು, ಆಗಲೂ ಹೋಗಲಿಲ್ಲ. ಕೊನೆಗೆ ಆ ಕೈ ಕಾಣದಂತೆ ಎಡಗಡೆಯಿಂದ ಗೌರಿಯನ್ನು ಕರೆದೊಯ್ಯುವ ದಾರಿಯೊಂದನ್ನು ನಕ್ಷೆ ಹಾಕಿಕೊಂಡರು. ಭಾನುವಾರ ಸಂಜೆ ನಾನು ಬಾಗಿಲಲ್ಲೇ ಕಾಯುತ್ತಿದ್ದೆ. ಕಾಕಾ ಮೆಟ್ಟಿಲೇರಿ ಬಂದರು. ಮುಖದಲ್ಲಿ ಮನುಷ್ಯನಿಗೆ ಹೊಸ ವಿಷಯ ತಿಳಿದಾಗ ಬರುವ ಗೊಂದಲ.

"ಒಳಗ ಕಾಲಿಟ್ಟ ಕೂಡಲೇ ನೋಡಿಬಿಟ್ಲು," ಎಂದರು. "ಮುತ್ಯಾ, ಇದು ತಪ್ಪು, ಮೂರು ಬೆರಳದಾವ ಅಂತ ಒದರಿದ್ಲು. ಅಲ್ಲಿದ್ದ ಮಂದೀನೆಲ್ಲ ಕರದು ಪಾಠ ಮಾಡಿದ್ಲು. ಆ ಮ್ಯಾನೇಜರ್ ಕೈ ಕಟಗೊಂಡು ನಿಂತು ಕೇಳಿದ. ಇಡೀ ಹಾದಿ ಅದನ್ನ ಹೇಳಕೋತ ಬಂದ್ಲು. ಅಷ್ಟು ಖುಷಿ ನಾ ಆಕಿ ಮಾರಿ ಮ್ಯಾಲ ನೋಡೇ ಇರಲಿಲ್ಲ." ಚಪ್ಪಲಿ ಬಿಡುತ್ತ ಸ್ವಲ್ಪ ನಿಂತರು. "ಎಲ್ಲಾ ಸರಿ ಇದ್ದಿದ್ರ ಆಕಿಗಿ ಹೇಳಾಕ ಏನ್ ಉಳೀತಿತ್ತು, ಹೌದಲಾ?"

ಆಮೇಲೆ ಟ್ರಯಲ್‌ಗಳ ಸ್ವರೂಪವೇ ಬದಲಾಯಿತು. ತಪ್ಪಿಲ್ಲದ ಜಾಗಗಳನ್ನು ಕಾಕಾ ಪಟ್ಟಿಯಿಂದ ಹೊಡೆದು ಹಾಕತೊಡಗಿದರು. ಒಂದು ಉದ್ಯಾನದಲ್ಲಿ ಡೈನೋಸಾರುಗಳ ನಡುವೆ ಆದಿಮಾನವ ಈಟಿ ಹಿಡಿದು ನಿಂತಿದ್ದ. ಇನ್ನೊಂದರಲ್ಲಿ ಸಸ್ಯಾಹಾರಿಯ ಬಾಯಿಗೆ ಕೋರೆಹಲ್ಲು. "ಭಾಳ ಚಲೋ ಅದ," ಎಂದು ಹಸಿರು ಪೆನ್ನಿನಲ್ಲಿ ಗುರುತು ಹಾಕಿದರು. "ನಾಕು ತಪ್ಪು ಅವ. ಪಾಸ್." ನಲವತ್ತು ವರ್ಷ ತಪ್ಪಿನ ಮೇಲೆ ಕೆಂಪು ಗೀರು ಎಳೆದ ಕೈ ಅದು.

ಹೀಗೆ ಹನ್ನೊಂದು ಟ್ರಯಲ್ ಮುಗಿದಿದ್ದವು. ಹನ್ನೊಂದನೆಯದು ಲೋಣಾವಳಾದ ಒಂದು ತೋಟ. ಗಾಡಿ, ಹಾದಿ, ಶೌಚಾಲಯ ಎಲ್ಲವೂ ಸರಿಯಿತ್ತು, ಗೊಂಬೆಗಳಲ್ಲಿ ಬೇಕಾದಷ್ಟು ತಪ್ಪೂ ಇದ್ದವು. ಮಾರನೆಯ ವಾರ ಗೌರಿಯನ್ನು ಕರೆದುಕೊಂಡು ಹೋದರು. ಮಧ್ಯಾಹ್ನ ಮೂರೂಕಾಲಿಗೆ ನನಗೆ ಫೋನು ಬಂತು.

"ತಮ್ಮಾ, ಗಾಡಿ ಇಲ್ಲ."

ಹಳಿ ರಿಪೇರಿಗೆಂದು ರೈಲ್ವೆಯವರು ಕೆಲವು ಭಾನುವಾರ ಕೆಲವು ಗಂಟೆ ಓಡಾಟ ನಿಲ್ಲಿಸುತ್ತಾರೆ. ಅದಕ್ಕೆ ಬ್ಲಾಕ್ ಎನ್ನುತ್ತಾರೆ. ಸ್ಟೇಷನ್ನಿನಲ್ಲಿ ಮೊದಲೇ ನೋಟೀಸು ಅಂಟಿಸಿರುತ್ತಾರೆ. ಬಿಸ್ಕೀಟು ಪಾಕೀಟಿನ ಹಿಂದಿನ ಸಣ್ಣ ಅಕ್ಷರವನ್ನೂ ಬಿಡದೆ ಓದುವ ಕಾಕಾ ಆ ನೋಟೀಸು ಓದಿರಲಿಲ್ಲ. ಹಿಂದಿನ ಭಾನುವಾರ ಗಾಡಿ ಓಡಿತ್ತಲ್ಲ.

"ಮತ್ತೆ ಯಾವಾಗ ಬಿಡ್ತಾರಂತೆ?"

"ಐದೂವರಿಗಿ. ಬಿಟ್ರ."

"ಕಾಕಾ, ಹೊರಗಡೆ ಟ್ಯಾಕ್ಸಿ ನಿಂತಿರುತ್ತೆ. ಈಗ ಹೊರಟ್ರೆ ಐದಕ್ಕೆ ಮುಂಚೇನೇ ಬರ್ತೀರ. ಅವರಿಗೇನ್ ಗೊತ್ತಾಗುತ್ತೆ?"

"ಗೌರಿಗಿ ಗೊತ್ತಾಗತದಲಾ. ಮುತ್ಯಾ ಅವ್ವನ ಮುಂದ ಸುಳ್ಳು ಹೇಳ್ಯಾನ ಅನ್ನೂದನ್ನ ತಲ್ಯಾಗ ಇಟಗೊಂಡು ಬೆಳೀಬೇಕೇನು ಆಕಿ?"

"ಹಾಗಾದ್ರೆ ನಾನೊಂದು ಫೋನ್ ಮಾಡ್ತೀನಿ. ರೈಲ್ವೆ ಸಾಹೇಬರ ಧ್ವನಿ ನನಗೆ ಚೆನ್ನಾಗಿ ಬರುತ್ತೆ. ಇಂಜಿನ್ ಕೆಟ್ಟಿದೆ ಮೇಡಂ, ನಿಮ್ಮ ಮಾವನವರದು ಏನೂ ತಪ್ಪಿಲ್ಲ ಅಂತ…"

"ಬಾಯಿ ಮುಚ್ಚು." ಅಷ್ಟು ಕಠಿಣವಾಗಿ ಅವರು ಎಂದೂ ಮಾತಾಡಿರಲಿಲ್ಲ. "ತಪ್ಪು ನಂದ ಅಂತ ನಾನ ಆಕಿಗಿ ಫೋನ್ ಮಾಡಿ ಹೇಳೀನಿ. ಪೂರಾ ಕೇಳಲಿಲ್ಲ, ಇಟ್ಟಬಿಟ್ಲು. ನೀ ಒಂದ ಕೆಲಸ ಮಾಡು. ದೇಹೂ ರೋಡಿಗಿ ಹೋಗಿ ಆಕಿ ಬಾಜೂಕ ನಿಂದ್ರು. ಒಬ್ಬಾಕಿನ ಕಾಯೂದು ಬ್ಯಾಡ."

ರಸ್ತೆಯಲ್ಲಿ ಬರುವುದಿಲ್ಲವೆಂದು ನಾನು ಯಾರಿಗೂ ಮಾತು ಕೊಟ್ಟಿರಲಿಲ್ಲ. ಆಟೋ ಹತ್ತಿದೆ.

ಪ್ಲಾಟ್‌ಫಾರ್ಮಿನಲ್ಲಿ ಸುಷ್ಮಾಳನ್ನು ಗುರುತಿಸುವುದು ಕಷ್ಟವಾಗಲಿಲ್ಲ. ಬೆಂಚುಗಳೆಲ್ಲ ಖಾಲಿ ಇದ್ದರೂ ನಿಂತೇ ಇದ್ದವಳು ಅವಳೊಬ್ಬಳು. ಹೋಗಿ ಪರಿಚಯ ಹೇಳಿದೆ.

"ನಿಮ್ಮನ್ನ ಯಾಕ ಕಳಿಸ್ಯಾರ? ವಕೀಲಿ ಮಾಡಾಕೇನು?"

"ಅನಾನುಕೂಲಕ್ಕೆ ನಿಜಕ್ಕೂ ಕ್ಷಮೆ ಇರಲಿ ಮೇಡಂ…" ಎಂದು ಬಾಯಿಗೆ ಬಂದುಬಿಟ್ಟಿತು.

"ಆಫೀಸಿನ ಸಾರಿ ನನಗ ಬ್ಯಾಡ್ರಿ," ಎಂದಳು. ಐದು ಹೊಡೆಯಿತು. ಐದೂಕಾಲಾಯಿತು. ಅವಳು ಹಳಿಯನ್ನೇ ನೋಡುತ್ತಿದ್ದಳು. ಇಂಥ ಮೌನದಲ್ಲಿ ನನ್ನ ನಾಲಿಗೆ ನನ್ನ ಮಾತು ಕೇಳುವುದಿಲ್ಲ. ಹೇಳಿಬಿಟ್ಟೆ. ಟ್ರಯಲ್, ನಾನೂರು ಹೆಜ್ಜೆ, ಶೌಚಾಲಯದ ಬೀಗ, ಮೂರು ಬೆರಳು, ಮೆಂತ್ಯದ ಮುದುಕಿ ಎಲ್ಲ.

ಅವಳು ನಿಧಾನವಾಗಿ ನನ್ನ ಕಡೆ ತಿರುಗಿದಳು. "ಅಂದ್ರ… ನೀವು ನನ್ನ ಮಗಳು?"

"ಹೌದು ಮೇಡಂ. ಹನ್ನೊಂದು ಸಲ."

"ಈ ಗಡ್ಡ ಇಟಗೊಂಡು?"

"ಕಾಕಾ ತೆಗೆಸು ಅನ್ನಲಿಲ್ಲ. ಹೊರಗಿನ ರೂಪ ಮುಖ್ಯ ಅಲ್ಲ, ಅಳತೆ ಮುಖ್ಯ ಅಂದ್ರು."

ಅವಳು ಓಢಣಿಯಿಂದ ಬಾಯಿ ಮುಚ್ಚಿಕೊಂಡಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ. "ಹೆಂಗ ಅಳತೀರಿ? ತೋರಸ್ರಿ," ಎಂದಳು, ಪರೀಕ್ಷೆ ಮಾಡುವವಳ ಹಾಗೆ.

ನಾನು ಅಳಲಿಲ್ಲ. ಕೆಳದುಟಿ ಒಳಗೆಳೆದುಕೊಂಡು, ಚಪ್ಪಲಿ ನೋಡುತ್ತ ನಿಂತೆ.

ತಲೆ ಎತ್ತಿದಾಗ ಅವಳ ಮುಖದ ಬಿಗಿ ಹೋಗಿತ್ತು. "ಇದನ್ನ ಯಾರ್ ಹೇಳಿಕೊಟ್ರು?" ಎಂದು ಕೇಳಿದಳು.

"ಕಾಕಾ."

ಅವಳು ಹೋಗಿ ಬೆಂಚಿನ ಮೇಲೆ ಕೂತಳು.

ಆರು ನಲವತ್ತಕ್ಕೆ ಗಾಡಿ ಬಂತು. ಗೌರಿ ಹಾರಿ ಇಳಿದು, ಹಾರುವ ಸರೀಸೃಪಗಳು ಡೈನೋಸಾರುಗಳೇ ಅಲ್ಲವೆಂದೂ, ಲೋಣಾವಳಾದವರಿಗೆ ಇದು ಗೊತ್ತಿಲ್ಲವೆಂದೂ ಅವ್ವನಿಗೆ ದೂರು ಹೇಳತೊಡಗಿದಳು. ಹಿಂದೆ ಕಾಕಾ ಇಳಿದರು. ಒಂದೇ ದಿನದಲ್ಲಿ ಅಂಗಿ ಅವರಿಗೆ ದೊಡ್ಡದಾದ ಹಾಗಿತ್ತು.

"ಟ್ರಯಲ್ ಪಾಸ್ ಆಗಿತ್ತು, ಅದಕ್ಕ ನೋಟೀಸ್ ನೋಡಲಿಲ್ಲ," ಎಂದರು. "ಒಂದು ತುಂಡು ಪಾಸ್ ಆತಂದ್ರ ಎಲ್ಲಾನೂ ಪಾಸ್ ಅಂತ ತಿಳಕೊಂಡೆ. ಹಂಗ ತಿಳಕೊಂಡವರಿಗಿ ನಾ ಜನ್ಮೆಲ್ಲಾ ಬೈದೀನಿ. ನೀ ಬೈ."

ಸುಷ್ಮಾ ಬೈಯಲಿಲ್ಲ. "ಮುಂದಿನ ಎರಡು ಸಲ ಬ್ಯಾಡ್ರಿ ಮಾವಾರ," ಎಂದಳು.

"ಹೂಂ," ಎಂದರು ಕಾಕಾ. ಚಿಂಚವಾಡಕ್ಕೆ ಮುಂದಿನ ಗಾಡಿ ಕಾಯಲು ಬೆಂಚಿನ ಕಡೆ ಹೊರಟವರು ನಡುವೆ ಕಂಬ ಹಿಡಿದು ನಿಂತರು. ನಾನು ಹತ್ತಿರ ಹೋದೆ. ಕೈಯಾಡಿಸಿ ದೂರ ಕಳಿಸಿದರು.

ಮುಂದಿನ ತಿಂಗಳು ಪೂರ್ತಿ ಗೌರಿ ಬರುವುದಿಲ್ಲವಲ್ಲ, ನನಗೂ ರಜೆ ಎಂದುಕೊಂಡಿದ್ದೆ. ಮೊದಲ ಭಾನುವಾರ ಏಳಕ್ಕೆ ಬಾಗಿಲು ಬಡಿದರು. "ಈಗ ಯಾರಿಗೋಸ್ಕರ ಕಾಕಾ?" ಎಂದು ಹಾಸಿಗೆಯಿಂದಲೇ ಕೂಗಿದೆ.

"ಬ್ಯಾಡ ಅಂದದ್ದು ಎರಡು ಸಲ. ಮೂರನೇದಕ್ಕ ತಯಾರಿ ಬ್ಯಾಡೇನು? ಏಳು."

ಹೋದೆವು. ದಣಿದೆ, ಉಚ್ಚೆ ಘೋಷಿಸಿದೆ, ಅವರು ಬರೆದುಕೊಂಡರು. ಆ ದಿನಗಳಲ್ಲಿ ಚಿಂಚವಾಡದ ಸ್ಟೇಷನ್ ಮಾಸ್ತರರ ಕೋಣೆಗೆ ವಾರಕ್ಕೆ ಮೂರು ಸಲ ಹೋಗಿ ಬ್ಲಾಕ್ ವಿಚಾರಿಸತೊಡಗಿದ್ದರು. ಇವರ ಕೆಮ್ಮು ಕೇಳಿದರೆ ಮಾಸ್ತರರು ಹಿಂಬಾಗಿಲಿಂದ ಹೊರಡುವ ಹಂತಕ್ಕೆ ಬಂದಿತ್ತು. ಎರಡು ಭಾನುವಾರ ಖಾಲಿ ಹೋದವು. ಮೂರನೆಯದಕ್ಕೆ ಒಂಬತ್ತು ಗಂಟೆಗೆ ದೇಹೂ ರೋಡಿನಲ್ಲಿ ಗೌರಿ ನಿಂತಿದ್ದಳು. ಅದಾದ ಮೇಲೆ ಕಾಕಾ ಒಂದು ನಿಮಿಷವೂ ತಡಮಾಡಲಿಲ್ಲ.

ವರ್ಷ ತಿರುಗುವಷ್ಟರಲ್ಲಿ ಸುಷ್ಮಾಗೆ ಜಬಲಪುರಕ್ಕೆ ವರ್ಗವಾಯಿತು. ಆ ಸಂಜೆ ನಾನು ಕಾಕಾನ ಮನೆಯಲ್ಲೇ ಇದ್ದೆ. ಬೇರೆಯಾದ ಮೇಲೆ ಆ ಮನೆಯ ಮೆಟ್ಟಿಲು ಹತ್ತದಿದ್ದ ಸುಷ್ಮಾ ಮಗಳ ಕೈ ಹಿಡಿದು ಬಂದಳು. ಗೌರಿಯ ಕಾಲು ನೆಲದ ಮೇಲಿರಲಿಲ್ಲ. ನಮ್ಮ ದೇಶದಲ್ಲಿ ಡೈನೋಸಾರಿನ ಮೂಳೆ ಮೊಟ್ಟಮೊದಲು ಸಿಕ್ಕಿದ್ದೇ ಜಬಲಪುರದ ಹತ್ತಿರ. ಅದನ್ನು ಅವಳು ಒಂದೇ ಉಸಿರಿನಲ್ಲಿ ಎರಡು ಸಲ ಹೇಳಿದಳು. ಕಾಕಾ ನಗಲು ನೋಡಿದರು. "ಸರಕಾರಕ್ಕ ಬುದ್ಧಿ ಬಂತು," ಎಂದರು. ಆಮೇಲೆ ಕಿಸೆಯ ಪೆನ್ನುಗಳನ್ನು ತೆಗೆದು ಮೇಜಿನ ಮೇಲೆ ಸಾಲಾಗಿ ಜೋಡಿಸಿದರು, ಮತ್ತೆ ಕಿಸೆಗೆ ಹಾಕಿಕೊಂಡರು.

ಸುಷ್ಮಾ ಚಹಾ ಕುಡಿದು ಮುಗಿಸಿ ಕಪ್ಪನ್ನು ನೋಡುತ್ತ ಹೇಳಿದಳು: "ಮಾವಾರ, ಅಲ್ಲಿ ನನಗ ಒಬ್ರೂ ಗೊತ್ತಿಲ್ಲ. ಸಾಲಿ ಎಷ್ಟು ದೂರ, ಹಾದಿ ಹೆಂಗದ, ನೀರು ಹೆಂಗದ… ನೀವು ಮೊದಲ ಒಂದ್ ಸಲ ಹೋಗಿ ನೋಡಿ ಬರ್ತೀರೇನು?"

ಕಾಕಾ ಎದ್ದು ಅಡುಗೆಮನೆಗೆ ಹೋದರು. ನಲ್ಲಿ ಬಿಟ್ಟ ಸದ್ದು ಬಂತು. ಮುಖ ಒರೆಸಿಕೊಂಡು ಬಂದು, "ನಾಳಿ ಗಾಡಿ ಅದೇನು ನೋಡು ಮೈಸೂರಾ," ಎಂದರು.

ಒಬ್ಬರೇ ಹೋದರು, ಆರು ದಿನ ಇದ್ದು ಬಂದರು. ಸುಷ್ಮಾಗೆ ಸಿಗಲಿದ್ದ ಕ್ವಾರ್ಟರ್ಸಿನ ಬಚ್ಚಲು ರೀವರ್ಕ್, ಶಾಲೆ ಪಾಸ್, ಶಾಲೆಯ ಹಾದಿಯ ನಾಯಿ ಒಂದು ರಿಜೆಕ್ಟ್. ವರದಿಯ ಕಡೆಯ ಹಾಳೆಯನ್ನು ಸುಷ್ಮಾಳ ಮುಂದೆ ಇಡುವಾಗ ಅವರ ಧ್ವನಿ ಸ್ವಲ್ಪ ತಗ್ಗಿತು. ಕ್ವಾರ್ಟರ್ಸಿನ ಹಿಂದಿನ ಓಣಿಯಲ್ಲಿ ಒಂದು ಕೋಣೆ ಖಾಲಿ ಇದೆ, ಬಾಡಿಗೆಗೆ ಕೇಳಿ ಬಂದಿದ್ದೇನೆ, ನಿನಗೆ ಬೇಡವೆನಿಸಿದರೆ ಬಿಡುತ್ತೇನೆ ಎಂದರು.

"ಎಷ್ಟು ದೂರ?" ಎಂದಳು ಸುಷ್ಮಾ.

"ನಾ ನಡದ್ರ ಹನ್ನೊಂದು ನಿಮಿಷ. ಆಕಿ ನಡದ್ರ ಹದಿನೆಂಟು."

"ದಿನಾ ಸಂಜೀಕ ಆಕಿ ಹದಿನೆಂಟು ನಿಮಿಷ ನಡೀಬೇಕೇನು ಮತ್ತ? ನೀವ ಬರ್ರಿ," ಎಂದಳು ಸುಷ್ಮಾ.

ಪುಣೆ ಸ್ಟೇಷನ್ನಿನಲ್ಲಿ ನಾನು ಅವರನ್ನು ಕಂಡದ್ದೇ ಕಡೆ. ಚಿಂಚವಾಡದ ಮನೆ ಖಾಲಿ ಮಾಡಿ ಮೂವರೂ ಒಟ್ಟಿಗೆ ಹೊರಟಿದ್ದರು. ಸಾಮಾನು ಏರಿಸಿ ನಾನು ಕೆಳಗಿಳಿದು ನಿಂತೆ. ಗೌರಿ ಬಾಗಿಲಿಗೆ ಬಂದಳು. ನಾನು ಅವಳಿಗೆ ಮೇಲಿನ ಮನೆಯ ಅಂಕಲ್, ಅಷ್ಟೇ.

"ಅಂಕಲ್, ನೀವು ತಳೇಗಾಂವದ ಟಿ-ರೆಕ್ಸ್ ನೋಡೀರೇನು?"

ಅವಳ ಹಿಂದೆ ನಿಂತಿದ್ದ ಕಾಕಾನ ಮುಖ ನೋಡಿದೆ. ಅವರು ನನ್ನನ್ನೇ ನೋಡುತ್ತಿದ್ದರು. ಅವಳಿಗೆ ಅವರು ಏನೂ ಹೇಳಿರಲಿಲ್ಲ. ಆ ಎಲ್ಲ ಜಾಗಗಳನ್ನೂ ತಾನೂ ಮುತ್ಯಾನೂ ಕೂಡಿ ಮೊದಲ ಸಲ ಕಂಡದ್ದೆಂದೇ ಅವಳು ತಿಳಿದಿದ್ದಳು.

ನನ್ನ ನಾಲಿಗೆಯ ತುದಿಯಲ್ಲಿ ಹನ್ನೆರಡು ಚೇಷ್ಟೆಗಳಿದ್ದವು.

"ಇಲ್ಲ ಪುಟ್ಟಿ," ಎಂದೆ. "ನಾನೆಲ್ಲಿ ನೋಡ್ಲಿ? ಹೇಳು, ಹೇಗಿದೆ?"

ಹೇಳಿದಳು. ಮೂರು ಬೆರಳು, ಆದಿಮಾನವನ ಈಟಿ, ಕೋರೆಹಲ್ಲು, ಯಾವುದನ್ನೂ ಬಿಡಲಿಲ್ಲ. ಯಾವ ಸ್ಟೇಷನ್ನಿನಲ್ಲಿ ಇಳಿಯಬೇಕು, ಎಲ್ಲಿ ನೆರಳಿದೆ, ಎಲ್ಲಿ ಕಾಲು ನೋಯುತ್ತದೆ ಎಂದೂ ತಿಳಿಸಿದಳು. ನಾನು ಕಣ್ಣರಳಿಸಿ ಕೇಳಿದೆ. ಗಾಡಿ ಅಲುಗಿತು.

"ನೀವೂ ಒಂದ್ ಸಲ ಹೋಗ್ರಿ ಅಂಕಲ್!" ಎಂದು ಕೂಗಿದಳು. "ಆದ್ರ ಒಬ್ಬರ ಹೋಗಬ್ಯಾಡ್ರಿ, ಮಜಾ ಬರೂದಿಲ್ಲ. ಯಾರನರ ಕರಕೊಂಡು ಹೋಗ್ರಿ."

"ಮಾವಾರ, ಆಕಿನ್ನ ಒಳಗ ತಗೋರಿ!" ಎಂದು ಸುಷ್ಮಾಳ ದನಿ ಬಂತು.

ನಾನು ಗಾಡಿಯ ಜೊತೆ ಸ್ವಲ್ಪ ದೂರ ನಡೆದು ಕೈ ಬೀಸಿದೆ. ಗೌರಿ ಎರಡೂ ಕೈ ಬೀಸಿದಳು. ಕಾಕಾ ಬೀಸಲಿಲ್ಲ. ಅವರ ಎರಡೂ ಕೈ ಅವಳ ಸೊಂಟವನ್ನು ಬಿಗಿಯಾಗಿ ಹಿಡಿದಿದ್ದವು.